ಮಾವನ ಬಟ್ಟಲು: 80 ಮಿ.ಲೀ. ಲೆಕ್ಕ

ಸಿರವಾರದಾಗ ಊಟ ಅಂದ್ರೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ತೂಕ ಇಳಿಸೋ ಆಪರೇಷನ್ ಆಗಿ ಮೂರನೇ ವಾರಕ್ಕೆ ನಮ್ಮ ಸೋದರಮಾವನ ಮುಂದೆ ಬಂದದ್ದು ಮಿಕ್ಸಿಗೆ ಹಾಕಿ ರುಬ್ಬಿದ, ಬಣ್ಣಗೆಟ್ಟ ಅನ್ನ-ಬ್ಯಾಳಿ. ಎರಡು ಚಮಚ ತಿಂದು ಬಟ್ಟಲು ಸರಿಸಿ, "ಅಳಿಯಾ, ಇದನ್ನ ಎಮ್ಮಿ ಕರುವಿಗೆ ಹಾಕು" ಅಂದ್ರು. ಆ ವಾರವಿಡೀ ಸರಿಯಾಗಿ ತಿನ್ನಲಿಲ್ಲ. ಎದ್ದು ನಿಂತರೆ ತಲೆ ತಿರುಗೋದು. ರುಚಿ ಅನ್ನೋದು ಷೋಕಿ ಅಲ್ಲ ಅಂತ ನನಗೆ ಗೊತ್ತಾದದ್ದು ಆಗಲೇ.

ಅವರಿಗೆ ಆದದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಯ ಸುಮಾರು ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆಯಂತೆ ಸ್ಟೇಪಲ್ ಮಾಡ್ತಾರೆ. ಅದು ಹಿಡಿಸೋದು ಬರೀ 100ರಿಂದ 150 ಮಿ.ಲೀ. ಸ್ಟೇಪಲ್ ಸಾಲು ಕೂಡಿಕೊಳ್ಳುವ ತನಕ ಗಟ್ಟಿ ತುಣುಕಿನ ಒತ್ತಡ ಬೀಳಬಾರದು. ಅದಕ್ಕೇ ಮೊದಲು ನೀರು, ಆಮೇಲೆ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಕಡೆಗೆ ಮೆತ್ತನೆಯದು. ಯಾವುದು ಎಷ್ಟು ದಿನ ಅನ್ನೋದನ್ನ ಆಸ್ಪತ್ರೆಯ ಚಾರ್ಟೇ ಹೇಳಬೇಕು.

ಈಗ ನಮ್ಮ ಕೆಲಸ, ಲೆಕ್ಕ. ಒಂದು ಹೊತ್ತಿಗೆ 80 ಮಿ.ಲೀ., ದಿನಕ್ಕೆ ಆರು ಸಲ ಅಂದ್ರೆ 480 ಮಿ.ಲೀ. ಮೈಯ ಸ್ನಾಯು ಕರಗದಂತೆ ದಿನಕ್ಕೆ ಕಡಿಮೆ ಅಂದರೂ 60 ಗ್ರಾಂ ಪ್ರೋಟೀನ್ ಬೇಕು. ಭಾಗಿಸಿದರೆ ಪ್ರತಿ 100 ಮಿ.ಲೀ.ಗೆ 12.5 ಗ್ರಾಂ. 50 ಗ್ರಾಂ ಹೆಸರುಬೇಳೆಯಲ್ಲಿ 12 ಗ್ರಾಂ ಪ್ರೋಟೀನ್ ಇರುತ್ತದೆ. ಬೇಯಿಸಿ ರುಬ್ಬಿ 200 ಮಿ.ಲೀ. ಮಾಡಿದರೆ 100ಕ್ಕೆ ಆರೇ ಗ್ರಾಂ! "ಪೌಡರ್ ಯಾಕ, ಬ್ಯಾಳಿ ಐತಲ್ಲ" ಅನ್ನೋ ಓಣಿ ಮಂದಿಗೆ ಇದೇ ಉತ್ತರ: ಬ್ಯಾಳಿ ಒಳ್ಳೇದು, ಆದರೆ ಜಾಗ ಇಲ್ಲ. ತೆಳ್ಳನೆ ಸಾರಿನ ಕತೆಯಂತೂ ಕೇಳಬ್ಯಾಡ್ರಿ. ಡಾಕ್ಟರು ಬರೆದ ಪ್ರೋಟೀನ್ ಪುಡಿ ಬಿಡೋ ಹಂಗಿಲ್ಲ.

ಬೇಯಿಸಿದ ಒಂದು ತತ್ತಿಯಲ್ಲಿ 6 ಗ್ರಾಂ ಇರತದ. ಅದನ್ನ ಬ್ಯಾಳಿಕಟ್ಟಿನ ಜೊತೆ ರುಬ್ಬಿದರೆ 80 ಮಿ.ಲೀ.ಯಲ್ಲೇ ಗುರಿಗೆ ಇನ್ನಷ್ಟು ಹತ್ತಿರ ಬರ್ತೀವಿ. ತತ್ತಿ ತಿನ್ನದವರು ಕೆನೆರಹಿತ ಹಾಲಿನ ಪುಡಿ ನೋಡ್ರಿ, ಮೂರರಲ್ಲಿ ಒಂದು ಪಾಲು ಪ್ರೋಟೀನೇ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರೂ ಆಗುತ್ತದೆ.

ನಮ್ಮ ಅತ್ತೆ ಕಂಡುಹಿಡಿದದ್ದು ಬೇರೆಯೇ. ಎಲ್ಲಾ ಸೇರಿಸಿ ರುಬ್ಬೋದೇ ತಪ್ಪು. ಬಣ್ಣ, ವಾಸನೆ ಎರಡೂ ಸಾಯ್ತಾವ. ಸಿಪ್ಪೆ ತೆಗೆದ ಹೀರೇಕಾಯಿ-ಹೆಸರುಬೇಳೆ ಒಂದು ಹೊತ್ತು, ಕುಂಬಳಕಾಯಿ ಒಂದು ಹೊತ್ತು, ಕಟ್ಟಿದ ಮೊಸರಿಗೆ ಹುರಿದ ಜೀರಿಗೆ ಪುಡಿ ಇನ್ನೊಂದು ಹೊತ್ತು. ಖಾರ ಇಲ್ಲ, ಆದರೆ ಬೆಳ್ಳುಳ್ಳಿ, ಕರಿಬೇವು, ಇಂಗು ಹಾಕಿ ಅರ್ಧ ಚಮಚ ತುಪ್ಪದಲ್ಲಿ ಒಗ್ಗರಣೆ ಕೊಟ್ಟು, ಸೋಸಿ, ಬರೀ ಘಮ ಬೆರೆಸೋದು. ಮೊದಲ ದಿನ ಮಾವ ಅಡುಗೆಮನೆ ಕಡೆ ತಿರುಗಿ ನೋಡಿದ್ದೇ ಆ ವಾಸನೆಗೆ.

ಪಿಷ್ಟ ಇರುವ ಪದಾರ್ಥ ಆರಿದಂತೆಲ್ಲ ಹೆಪ್ಪುಗಟ್ಟುತ್ತದೆ. ಜೋಳದ ಅಂಬಲಿಯನ್ನ ಅರ್ಧ ತಾಸು ಇಟ್ಟು ನೋಡ್ರಿ, ಚಮಚ ನಿಲ್ಲುತ್ತದೆ. ತಿನ್ನೋ ಮುಂಚೆ ಬಿಸಿ ಕಟ್ಟು ಸೇರಿಸಿ ಕದಡಿ, ಜರಡಿ ಹಿಡಿಯಬೇಕು. ಇನ್ನೊಂದು: ಕುದಿಯೋದನ್ನ ಮಿಕ್ಸಿಗೆ ಹಾಕಬ್ಯಾಡ್ರಿ. ಉಗಿ ಮುಚ್ಚಳ ಎಬ್ಬಿಸಿ ನಮ್ಮ ಗೋಡೆಗೆ ಬಳಿದ ಬ್ಯಾಳಿ ಕಲೆ ಇನ್ನೂ ಹಂಗೇ ಐತಿ.

ಊಟಕ್ಕೆ 20-30 ನಿಮಿಷ ಬೇಕು. ಸಣ್ಣ ಚಮಚ, ಸಾಕು ಅನ್ನಿಸಿದ ಕೂಡಲೇ ನಿಲ್ಲಿಸೋದು. ಊಟದ ಜೊತೆ ನೀರು ಇಲ್ಲ. ಅರ್ಧ ತಾಸು ಬಿಟ್ಟು ಗುಟುಕು ಗುಟುಕಾಗಿ. ರಾಯಚೂರಿನ ಬಿಸಿಲಿಗೆ ಇದನ್ನ ಮರೆತರೆ ತಲೆ ತಿರುಗೋದು ಖಾತ್ರಿ. ವಾಂತಿ ನಿಲ್ಲದಿದ್ದರೆ, ಜ್ವರ ಬಂದರೆ, ಹೊಟ್ಟೆನೋವು ಜೋರಾದರೆ ಅಡುಗೆ ಬದಲಿಸುತ್ತ ಕೂರದೆ ಡಾಕ್ಟರಿಗೆ ಫೋನ್ ಮಾಡಬೇಕು.

ಮಾವ ಈಗ ಬಟ್ಟಲು ಸರಿಸೋದಿಲ್ಲ. "ರೊಟ್ಟಿ ಯಾವಾಗಲೇ?" ಅಂತ ಮಾತ್ರ ದಿನಾ ಕೇಳ್ತಾರ.