ಕಾರ್ಯಾರಂಭಕ್ಕೆ ಮುನ್ನ ಸಾಮಾಯಿಕ

ಗೃಹಸ್ಥನಾದ ಶ್ರಾವಕನು ದಿನಕ್ಕೊಮ್ಮೆಯಾದರೂ ಸಾಮಾಯಿಕ ಮಾಡಬೇಕೆಂಬುದನ್ನು ನಮ್ಮಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತುಕೊಳ್ಳಬೇಕಾದವನು, ಎಂಟು ಗಂಟೆಗೇ ಬಸ್ಸು ಹಿಡಿಯಬೇಕಾದ ಶಿಕ್ಷಕಿ, ಆಸ್ಪತ್ರೆಯ ಹಗಲು ಪಾಳಿಗೆ ಹೋಗುವ ದಾದಿ, ಇಂಥವರು ಕೇಳುವ ಪ್ರಶ್ನೆಯೇ ಬೇರೆ. ಎದ್ದ ಕೂಡಲೆ ಕೆಲಸದ ಚಿಂತೆ ಮುತ್ತಿಕೊಳ್ಳುತ್ತದೆ. ಕಣ್ಮುಚ್ಚಿ ಕುಳಿತರೆ ಅದೇ ಚಿಂತೆ ಇಮ್ಮಡಿಯಾಗುತ್ತದೆ. ಇಂಥ ಸಾಮಾಯಿಕದಿಂದ ಫಲವೇನು ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇದಕ್ಕೆ ಸರಿಯಾದ ಸಮಾಧಾನ ದೊರೆಯದೆ ಹಿಡಿದ ನಿಯಮವನ್ನು ಕೈಬಿಟ್ಟವರು ನಮ್ಮಲ್ಲಿ ಕಡಿಮೆಯಿಲ್ಲ.

ಮೊದಲು ಆ ಚಿಂತೆಯ ಸ್ವರೂಪವನ್ನು ನೋಡೋಣ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ. ಆರ್ತಧ್ಯಾನದ ಭೇದಗಳಲ್ಲಿ ಮೊದಲನೆಯದು ಅನಿಷ್ಟಸಂಯೋಗ. ಬೇಡವಾದದ್ದು ಒದಗಿದಾಗ ಅದು ಹೇಗೆ ತೊಲಗೀತೆಂದು ಮರಳಿ ಮರಳಿ ನೆನೆಯುವುದು. ಕೆಲಸಕ್ಕೆ ಹೊರಡುವವನ ಮುಂಜಾನೆಯ ತಳಮಳವೂ ಇದೇ ಜಾತಿಯದು. ಮೇಲಧಿಕಾರಿಯ ಕಟುಮಾತು ಹನ್ನೊಂದು ಗಂಟೆಗೆ ಬರುವುದೋ ಇಲ್ಲವೋ ತಿಳಿಯದು. ಆದರೂ ಆರು ಗಂಟೆಯಿಂದಲೇ ಅದನ್ನು ಕಿವಿಯಲ್ಲಿ ಕೇಳುತ್ತೇವೆ, ಮನಸ್ಸಿನಲ್ಲೇ ಮರುತ್ತರ ಕೊಡುತ್ತೇವೆ, ಸಿಟ್ಟಿಗೂ ಏಳುತ್ತೇವೆ. ಯಾರೂ ಆಡದ ಮಾತಿಗೆ ಕಷಾಯ ಹುಟ್ಟಿತು. ಕಷಾಯವಿದ್ದಲ್ಲಿ ಕರ್ಮಬಂಧವೂ ಉಂಟು. ತನಗೆ ಧ್ಯಾನ ಹಿಡಿಯದು ಎಂದು ಕೊರಗುವವನು ಇದನ್ನು ಗಮನಿಸಬೇಕು. ಧ್ಯಾನವೇನೋ ಅವನಿಗೆ ಚೆನ್ನಾಗಿಯೇ ಹಿಡಿದಿದೆ. ಅದು ನೆಲೆ ನಿಂತಿರುವ ವಿಷಯ ಮಾತ್ರ ಕೆಟ್ಟದ್ದು.

ಈಗ ಸಾಮಾಯಿಕವೆಂದರೇನು? ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ಬಿಡಿಸುವಾಗ, ‘ಸಮ್’ ಎಂಬುದಕ್ಕೆ ಒಂದಾಗುವುದು ಎಂದೂ ‘ಅಯ’ ಎಂಬುದಕ್ಕೆ ಹೋಗುವುದು ಎಂದೂ ಅರ್ಥ ಮಾಡುತ್ತಾರೆ. ಹಲವು ಕಡೆಗೆ ಹರಿದುಹೋದ ಉಪಯೋಗವು ಒಂದಾಗಿ ಆತ್ಮನತ್ತ ಸಾಗುವುದೇ ಅದು. ಬಹಳ ಮಂದಿ ಇದನ್ನು ಮನಸ್ಸಿಗೆ ಹಚ್ಚುವ ತಂಪು ಲೇಪವೆಂಬಂತೆ ತಿಳಿದು, ಶಾಂತಿ ಸಿಕ್ಕಿತೋ ಇಲ್ಲವೋ ಎಂದು ನಡುನಡುವೆ ತಮ್ಮನ್ನೇ ಪರೀಕ್ಷಿಸಿಕೊಳ್ಳುತ್ತಾರೆ. ಇದು ಬೆಂದಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಿದ ಹಾಗೆ. ಸಾಮಾಯಿಕವು ವ್ರತ, ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದು. ವ್ರತದ ತಿರುಳು ತ್ಯಾಗ. ಇಷ್ಟು ಹೊತ್ತು ಹಿಂಸಾದಿ ಐದು ಪಾಪಗಳನ್ನು ಮನೋವಾಕ್ಕಾಯಗಳಿಂದ ಪೂರ್ತಿಯಾಗಿ ಬಿಟ್ಟಿದ್ದೇನೆ ಎಂಬ ಸಂಕಲ್ಪವೇ ಅದರ ಜೀವ. ಶಾಂತಿ ಅದರ ಹಿಂದೆ ಬರುವಂಥದು. ಕೆಲವು ದಿನ ತಡವಾಗಿಯೂ ಬಂದೀತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಸಾಮಾಯಿಕವನ್ನು ನಿರೂಪಿಸಿದ ರೀತಿ ಉದ್ಯೋಗಸ್ಥರಿಗೆಂದೇ ಬರೆದಂತಿದೆ. ಸ್ಥಳದ ವಿಷಯದಲ್ಲಿ ಅವರು ಏಕಾಂತವನ್ನೂ ಗೊಂದಲವಿಲ್ಲದಿರುವುದನ್ನೂ ಕೇಳುತ್ತಾರೆ. ಕಾಡು, ಚೈತ್ಯಾಲಯಗಳ ಜೊತೆಯಲ್ಲಿ ಮನೆಯನ್ನೂ ಹೆಸರಿಸುತ್ತಾರೆ. ಕಾಲದ ವಿಷಯದಲ್ಲಿ ಗಳಿಗೆಯ ಲೆಕ್ಕ ಹೇಳದೆ, ಕೂದಲಿನ ಗಂಟು, ಮುಷ್ಟಿ, ಬಟ್ಟೆಯ ಗಂಟು, ಪರ್ಯಂಕಾಸನ ಮುಂತಾದವುಗಳನ್ನು ಗುರುತಾಗಿ ಹೇಳುತ್ತಾರೆ. ಗಂಟು ಬಿಚ್ಚುವವರೆಗೆ, ಆಸನ ಬಿಡುವವರೆಗೆ ಎಂದು ತಾನೇ ಎಲ್ಲೆ ಕಟ್ಟಿಕೊಳ್ಳುವ ಕ್ರಮವದು. ಹೊರಗಿನ ವ್ಯಾಪಾರ, ಒಳಗಿನ ವೈಮನಸ್ಯ, ಈ ಎರಡರಿಂದಲೂ ಹಿಂದಿರುಗಿ ಸಾಮಾಯಿಕದಲ್ಲಿ ತೊಡಗಬೇಕೆಂದೂ ಅವರ ಅಭಿಪ್ರಾಯ. ಕೈಕಾಲು ಸುಮ್ಮನಿದ್ದು ಮನಸ್ಸು ಕಚೇರಿಯಲ್ಲಿದ್ದರೆ ಅರ್ಧ ಮಾತ್ರ ಹಿಂದಿರುಗಿದಂತಾಯಿತು. ಆ ಹೊತ್ತಿನ ಗೃಹಸ್ಥನು ಮೈಮೇಲೆ ಬಟ್ಟೆ ಹೊದಿಸಲ್ಪಟ್ಟ ಮುನಿಯಂತೆ ಎಂದು ಅವರು ಕೊಟ್ಟ ಉಪಮಾನವನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಸಂಜೆಯವರೆಗೆ ಇನ್ನೊಬ್ಬರ ಅಪ್ಪಣೆಯಲ್ಲಿರಬೇಕಾದವನಿಗೂ ಆ ಪದವಿ ಕೆಲಹೊತ್ತು ಉಂಟು.

ವಿಧಿ ವಾಚಕರಿಗೆ ತಿಳಿದದ್ದೇ. ಪೂರ್ವಾಭಿಮುಖವಾಗಿ ಅಥವಾ ಉತ್ತರಾಭಿಮುಖವಾಗಿ ನಿಂತು, ಒಂಬತ್ತು ಸಲ ಣಮೋಕಾರ ಮಂತ್ರವನ್ನು ಜಪಿಸಿ, ನಾಲ್ಕು ದಿಕ್ಕುಗಳಲ್ಲಿ ಮೂರು ಮೂರು ಆವರ್ತಗಳನ್ನೂ ಒಂದೊಂದು ಪ್ರಣಾಮವನ್ನೂ ಮಾಡಿ ಕುಳಿತುಕೊಳ್ಳಬೇಕು. ಒಂದು ಮಂತ್ರಕ್ಕೆ 3 ಉಸಿರಿನಂತೆ ಒಂಬತ್ತಕ್ಕೆ 27 ಉಸಿರು. ಈ ಲೆಕ್ಕವನ್ನು ಅವಸರಪಡಿಸಬಾರದು. ಮೂರರಲ್ಲಿ ಒಂದು ಪಾಲು ತಳಮಳ ಇಲ್ಲಿಯೇ ಇಳಿಯುವುದನ್ನು ಅಭ್ಯಾಸವಿದ್ದವರು ಬಲ್ಲರು. ಕುಳಿತ ಮೇಲೆ ಕಚೇರಿಯ ವಿಷಯ ನೆನಪಿಗೆ ಬಂದರೆ ಅದರೊಡನೆ ಜಗಳಕ್ಕಿಳಿಯದೆ ಮತ್ತೆ ಮಂತ್ರಕ್ಕೆ ಹಿಂದಿರುಗುವುದು. ಮನಸ್ಸು ಹೊರಳಿದ್ದು ದೋಷವೇ. ಮನೋದುಷ್ಪ್ರಣಿಧಾನವೆಂದು ಸೂತ್ರಕಾರರು ಅದನ್ನು ಅತಿಚಾರಗಳಲ್ಲಿ ಎಣಿಸಿದ್ದಾರೆ. ಆದರೆ ಅತಿಚಾರವು ವ್ರತಭಂಗವಲ್ಲ. ಈ ವ್ಯತ್ಯಾಸವನ್ನರಿಯದೆ ‘ನನ್ನ ವ್ರತ ಹಾಳಾಯಿತು’ ಎಂದು ಎದ್ದುಹೋಗುವುದು ಅನಾದರವೆಂಬ ಇನ್ನೊಂದು ಅತಿಚಾರಕ್ಕೆ ದಾರಿ. ಮೊಬೈಲ್ ಫೋನನ್ನು ಬೇರೆ ಕೋಣೆಯಲ್ಲಿಡಬೇಕೆಂದು ಪ್ರತ್ಯೇಕವಾಗಿ ಹೇಳಬೇಕಾಗಿ ಬಂದಿರುವುದು ಈ ಕಾಲದ ವಿಶೇಷ.

ಎದ್ದೇಳುವ ಮುನ್ನ ನಾಲ್ಕು ಭಾವನೆಗಳನ್ನು ಆ ದಿನ ಎದುರಾಗಲಿರುವ ಜನರಿಗೆ ಅನ್ವಯಿಸಿಕೊಳ್ಳುವುದು ಉತ್ತಮ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಂತೆ ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶಪಡುವವರಲ್ಲಿ ಕಾರುಣ್ಯ, ಅವಿನೇಯರಲ್ಲಿ ಮಾಧ್ಯಸ್ಥ್ಯ. ಮಾರ್ಚ್ 31ರಂದು, ವರ್ಷಾಂತ್ಯದ ಲೆಕ್ಕ ಮುಗಿಸಬೇಕಾದ ಬ್ಯಾಂಕಿನ ನೌಕರನನ್ನು ತೆಗೆದುಕೊಳ್ಳಿ. ಕೌಂಟರಿನ ಮುಂದೆ ಸಾಲುಗಟ್ಟಿದವರು ಮೈತ್ರಿಗೆ ಪಾತ್ರರು. ತನಗಿಂತ ಚುರುಕಾಗಿ ಲೆಕ್ಕ ಮುಗಿಸುವ ಸಹೋದ್ಯೋಗಿ ಪ್ರಮೋದಕ್ಕೆ. ಸಾಮಾನ್ಯವಾಗಿ ನಾವು ಅವನಿಗೆ ಅಸೂಯೆಯನ್ನು ಕೊಡುತ್ತೇವೆ. ಪಿಂಚಣಿ ಜಮೆಯಾಗಿಲ್ಲವೆಂದು ನಡುಗುವ ಕೈಯಲ್ಲಿ ಪಾಸ್‌ಬುಕ್ ಚಾಚುವ ವೃದ್ಧೆ ಕಾರುಣ್ಯಕ್ಕೆ. ಹೇಳಿದ್ದನ್ನು ಕೇಳದೆ ಕೂಗಾಡುವವನು, ಅವನು ಮೇಲಧಿಕಾರಿಯಾದರೂ ಸರಿ, ಮಾಧ್ಯಸ್ಥ್ಯಕ್ಕೆ. ಅವನನ್ನು ದ್ವೇಷಿಸುವುದೂ ಬೇಡ, ಒಲಿಸಿಕೊಳ್ಳಲು ಹೆಣಗುವುದೂ ಬೇಡ. ಬರಲಿರುವವರಿಗೆ ಹೀಗೆ ಮೊದಲೇ ಸ್ಥಾನವನ್ನು ಗೊತ್ತುಮಾಡಿಟ್ಟರೆ, ಅವರು ಬಂದಾಗ ಗಾಬರಿಯಾಗುವುದು ಕಡಿಮೆ.

ಮಾಧ್ಯಸ್ಥ್ಯವನ್ನು ಹೇಡಿತನವೆಂದು ತಿಳಿಯಬಾರದು. ಸುಳ್ಳು ಲೆಕ್ಕಕ್ಕೆ ರುಜು ಹಾಕೆಂದರೆ ಸಮಭಾವದಿಂದ ಹಾಕಿಬಿಡುವುದು ಸಮಭಾವವಲ್ಲ. ಕೂಟಲೇಖಕ್ರಿಯೆಯು ಸತ್ಯಾಣುವ್ರತದ ಅತಿಚಾರ. ಹಾಗೆಯೇ, ತಾನು ಮಾಡಿದ ತಪ್ಪು ಇಂದು ಹೊರಬೀಳುವುದೆಂಬ ಅಂಜಿಕೆ ಒಳಗಿದ್ದರೆ ಅದು ಎಷ್ಟು ಜಪಕ್ಕೂ ಅಡಗದು, ಅಡಗಲೂ ಬಾರದು. ಅದಕ್ಕೆ ಪ್ರತಿಕ್ರಮಣವೂ, ಹೇಳಬೇಕಾದವರ ಮುಂದೆ ಹೋಗಿ ಹೇಳುವುದೂ ಬೇಕು.

ಇನ್ನು ಕಾಲದ ಪ್ರಶ್ನೆ. ನಮ್ಮ ಪರಂಪರೆಯಲ್ಲಿ ಉತ್ತಮ 6 ಗಳಿಗೆ, ಮಧ್ಯಮ 4, ಜಘನ್ಯ 2 ಗಳಿಗೆ ಎಂದು ಹೇಳುವುದುಂಟು. 2 ಗಳಿಗೆಯೆಂದರೆ ಒಂದು ಮುಹೂರ್ತ, 48 ನಿಮಿಷ. ಮೂರನೆಯ ಪ್ರತಿಮೆಯನ್ನು ಧರಿಸಿದವರು ಮೂರು ಸಂಧ್ಯೆಗಳಲ್ಲಿಯೂ ತಪ್ಪದೆ ಮಾಡಬೇಕಾದ್ದರಿಂದ ಅವರಿಗೆ ಇದರಲ್ಲಿ ರಿಯಾಯಿತಿಯಿಲ್ಲ. ಪ್ರತಿಮಾಧಾರಿಯಲ್ಲದ, ಅಭ್ಯಾಸದಲ್ಲಿರುವ ಗೃಹಸ್ಥನು ಏನು ಮಾಡಬೇಕು? 48 ನಿಮಿಷದ ನಿಯಮ ಹಿಡಿದು ಗಡಿಯಾರದ ಮುಳ್ಳನ್ನು ನೋಡುತ್ತ, ಬಸ್ಸು ತಪ್ಪೀತೆಂದು ಕುದಿಯುತ್ತ ಕೂರುವುದಕ್ಕಿಂತ, 15 ನಿಮಿಷವನ್ನು ಎಲ್ಲೆ ಕಟ್ಟಿ ಪೂರ್ತಿ ಕೊಡುವುದು ಮೇಲೆಂದು ನನ್ನ ಮತ. ಸಮಂತಭದ್ರರ ಗಂಟಿನ ಗುರುತು ಇದಕ್ಕೆ ಆಧಾರ. ಆದರೆ ಅದನ್ನು ಸಾಮಾಯಿಕದ ಅಭ್ಯಾಸವೆಂದೇ ಕರೆಯಬೇಕು. ಪೂರ್ಣ ಮುಹೂರ್ತವನ್ನು ರಜೆಯ ದಿನಗಳಲ್ಲಿಯೂ ಪರ್ವದಿನಗಳಲ್ಲಿಯೂ ಸಲ್ಲಿಸಬೇಕು. ಈ ಮಾತನ್ನು ಒಪ್ಪದ ಹಿರಿಯರಿದ್ದಾರೆ. ಸಡಿಲಗೊಳಿಸಿದ್ದು ಮತ್ತೆ ಬಿಗಿಯಾಗದು ಎಂಬ ಅವರ ಭಯವೂ ನಿರಾಧಾರವಲ್ಲ.

ಅಷ್ಟಮಿ, ಚತುರ್ದಶಿಗಳು ಕೆಲಸದ ದಿನ ಬಂದಾಗ ಉಪವಾಸ ಹಿಡಿದವರಿಗೆ ಬೆಳಗಿನ ಸಾಮಾಯಿಕ ಇನ್ನೂ ಅಗತ್ಯ. ಬರಿಯ ಹೊಟ್ಟೆಯಲ್ಲಿ ಮೂರು ಗಂಟೆಯ ಹೊತ್ತಿಗೆ ಮಾತು ಗಡುಸಾಗುತ್ತದೆ. ಆಹಾರದ ಜೊತೆಗೆ ಕಷಾಯವನ್ನೂ ಬಿಡದಿದ್ದರೆ ಅದು ಕೇವಲ ಲಂಘನವೆಂದು ಶಾಸ್ತ್ರಕಾರರು ಹೇಳಿದ್ದಾರೆ. ಸಿಡುಕುತ್ತ ಉಪವಾಸ ಮಾಡುವವನಿಗೆ ಏಕಭುಕ್ತ ಮೇಲು. ಸಾಮಾಯಿಕಕ್ಕೆ ಉಪವಾಸದ ದಿನದಂತೆ ಏಕಭುಕ್ತದ ದಿನವನ್ನೂ ಸಮಂತಭದ್ರರು ಹೇಳಿಯೇ ಇದ್ದಾರೆ. ಅಸ್ವಸ್ಥರು, ಮಧುಮೇಹಿಗಳು, ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಉಪವಾಸಕ್ಕೆ ಇಳಿಯಬಾರದು. ಸಾಮಾಯಿಕಕ್ಕೆ ಅಂಥ ಅಡ್ಡಿಯೇನೂ ಇಲ್ಲ.

ಹೊಸದಾಗಿ ತೊಡಗುವವರು ಯಾವಜ್ಜೀವವೆಂದು ಹೇಳಿ ಯಮವನ್ನಾಗಿ ತೆಗೆದುಕೊಳ್ಳದೆ, ಕಾಲವನ್ನು ಮಿತಗೊಳಿಸಿ ನಿಯಮವನ್ನಾಗಿ ತೆಗೆದುಕೊಳ್ಳಲಿ. ಚಾತುರ್ಮಾಸದ ನಾಲ್ಕು ತಿಂಗಳು ಒಳ್ಳೆಯ ಅವಧಿ. ಗುರುಗಳ ಸಮ್ಮುಖದಲ್ಲಿ, ಅದು ದೊರೆಯದಿದ್ದರೆ ಜಿನಬಿಂಬದ ಮುಂದೆ, ಎಷ್ಟು ಹೊತ್ತು, ಎಷ್ಟು ದಿನ, ಪ್ರಯಾಣದಲ್ಲಿ ಹೇಗೆ, ಕಾಯಿಲೆ ಬಿದ್ದರೆ ಹೇಗೆ ಎಂಬುದನ್ನು ಮೊದಲೇ ಬಾಯಿಬಿಟ್ಟು ಹೇಳಿ ಸಂಕಲ್ಪ ಮಾಡಬೇಕು. ಅವಧಿ ಮುಗಿದ ದಿನ ಮುಂದಿನ ಅವಧಿಗೆ ಮತ್ತೆ ಸಂಕಲ್ಪ ಮಾಡಬಹುದು.