ಮೊಳೆತ ರಾಗಿಯ ಕಿಣ್ವ: ಅಡಿಗೆಮನೆಯಲ್ಲೊಂದು ಪರೀಕ್ಷೆ

ಮಗುವಿಗೆಂದು ಕಾಸಿದ ಗಂಜಿಯು ಆರುತ್ತ ಆರುತ್ತ ಅಂಟಿನಂತೆ ಗಟ್ಟಿಯಾದಾಗ ನೀರು ಬೆರೆಸಿ ತೆಳುಮಾಡುವುದು ವಾಡಿಕೆ. ಆದರೆ ನೀರು ಹೆಚ್ಚಿದಷ್ಟೂ ಆ ಪುಟ್ಟ ಹೊಟ್ಟೆಗೆ ಸೇರುವ ಸತ್ತ್ವ ಕಡಮೆಯಾಗುತ್ತದೆ. ಅದೇ ಗಂಜಿಗೆ ಮೊಳಕೆ ಬರಿಸಿದ ರಾಗಿಯ ಹಿಟ್ಟನ್ನು ಒಂದು ಚಮಚೆ ಕೂಡಿಸಿ ಹದವಾದ ಬಿಸಿಯಲ್ಲಿಟ್ಟರೆ, ನೀರಿನ ಹಂಗಿಲ್ಲದೆ ಅದು ತಾನಾಗಿ ತೆಳುವಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಮೊಳೆತ ರಾಗಿಯಿಂದ ಶಿಶುಗಳ ಆಹಾರವನ್ನು ರೂಪಿಸಿದುದು ಈ ಗುಣವನ್ನು ನಂಬಿಯೇ.

ಇದನ್ನು ಸಾಧಿಸುವುದು ಮೊಳಕೆಯೊಡನೆ ಕಾಳಿನಲ್ಲಿ ಉದಿಸುವ ಅಮೈಲೇಸ್ ಎಂಬ ಕಿಣ್ವ. 1833ರಲ್ಲಿ ಪಾಯನ್ ಮತ್ತು ಪೆರ್ಸೋ ಎಂಬ ಫ್ರೆಂಚ್ ರಸಾಯನಜ್ಞರು ಮೊಳೆತ ಬಾರ್ಲಿಯಿಂದ ಇದನ್ನು ಮೊದಲು ಬೇರ್ಪಡಿಸಿ ಡಯಾಸ್ಟೇಸ್ ಎಂದು ಹೆಸರಿಟ್ಟರು. ಗ್ಲೂಕೋಸಿನ ಸಾವಿರಾರು ಕೊಂಡಿಗಳ ಸರಪಳಿಯಾದ ಪಿಷ್ಟವನ್ನು ತನ್ನ ಮೈಯ ಒಂದು ಪೊಟರೆಯಲ್ಲಿ ಹಿಡಿದು, ಕೊಂಡಿಯನ್ನು ನೀರಿನ ನೆರವಿನಿಂದ ಕಡಿದು, ತಾನು ಕಿಂಚಿತ್ತೂ ವ್ಯಯವಾಗದೆ ಮುಂದಿನ ಕೊಂಡಿಗೆ ಸಿದ್ಧವಾಗುವುದರಿಂದಲೇ ಅದಕ್ಕೆ ಕ್ರಿಯಾವರ್ಧಕವೆಂಬ ಹೆಸರು ಸಲ್ಲುತ್ತದೆ. ಉಷ್ಣಮಾನವು 10 ಡಿಗ್ರಿ ಏರಿದಾಗಲೆಲ್ಲ ಅದರ ವೇಗವು ಸುಮಾರು ಇಮ್ಮಡಿಯಾಗುತ್ತದೆ. ಆದರೆ ಕಿಣ್ವವು ಮಡಿಕೆ ಮಡಿಕೆಯಾಗಿ ಸುತ್ತಿಕೊಂಡ ಪ್ರೋಟೀನಾದ ಕಾರಣ, ಮಿತಿಮೀರಿದ ಶಾಖಕ್ಕೆ ಆ ಮಡಿಕೆಗಳು ಬಿಚ್ಚಿ, ಬೆಂದ ಮೊಟ್ಟೆಯ ಬಿಳಿಯಂತೆ, ಮರಳಿ ಮೊದಲಿನ ರೂಪಕ್ಕೆ ಬಾರದಾಗುತ್ತದೆ. ನಮ್ಮ ಜೊಲ್ಲಿನ ಅಮೈಲೇಸಿಗೆ ದೇಹದ 37 ಡಿಗ್ರಿಯೇ ಹಿತ. ಧಾನ್ಯದ್ದು 60 ಡಿಗ್ರಿಯ ಆಸುಪಾಸಿನಲ್ಲಿಯೂ ಚುರುಕಾಗಿರುತ್ತದೆ.

ಇದನ್ನು ಕಣ್ಣಾರೆ ಕಾಣಬಯಸುವವರು ಮೊದಲು ಒಂದು ಪಾವು ರಾಗಿಯನ್ನು ತೊಳೆದು, ರಾತ್ರಿಯೆಲ್ಲ ನೆನೆಯಿಟ್ಟು, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡಬೇಕು. ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಿದ್ದರೆ ಎರಡು ದಿನಗಳಲ್ಲಿ ಮೊಳಕೆಗಳು ತಲೆಯೆತ್ತುತ್ತವೆ. ಅವನ್ನು ಹರವಿ ಒಣಗಿಸಿ, ಕೈಯಿಂದ ಉಜ್ಜಿ ಎಳೆಗಳನ್ನು ಉದುರಿಸಿ, ಹಿಟ್ಟು ಬೀಸಿಕೊಳ್ಳಬೇಕು. ಘಮಕ್ಕೆ ಆಸೆಪಟ್ಟು ಕೆಂಪಗೆ ಹುರಿಯಬಾರದು. ಹುರಿದರೆ ಕಿಣ್ವ ಕೆಟ್ಟುಹೋಗುತ್ತದೆ.

ಎರಡು ಚಮಚೆ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಕದಡಿ, ಅರ್ಧ ಗಂಟೆಯ ತರುವಾಯ ಬಟ್ಟೆಯಲ್ಲಿ ಸೋಸಿ, ಗಸಿ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಳಸತಕ್ಕದ್ದು. ಕಿಣ್ವವು ತಿಳಿಯಲ್ಲಿರುತ್ತದೆ, ರಾಗಿಯ ಪಿಷ್ಟವು ತಳ ಸೇರುತ್ತದೆ. ತಿಳಿಯ ಮೂರನೆಯ ಒಂದು ಪಾಲನ್ನು ಹತ್ತು ನಿಮಿಷ ಕುದಿಸಿ ಆರಿಸಬೇಕು.

ಬಳಿಕ ಅಕ್ಕಿಹಿಟ್ಟಿನ ತೆಳುಗಂಜಿ ಕಾಸಿ ಮೂರು ಲೋಟಗಳಿಗೆ ಸಮನಾಗಿ ಹಂಚಬೇಕು. ಮೊದಲನೆಯದನ್ನು ಮಂಜುಗಡ್ಡೆಯ ನೀರಿನಲ್ಲಿಯೂ ಉಳಿದೆರಡನ್ನು ಬಿಸಿನೀರಿನ ಪಾತ್ರೆಯಲ್ಲಿಯೂ ನಿಲ್ಲಿಸಬೇಕು. ಉಷ್ಣಮಾಪಕವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ: ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಸೇರಿಸಿದರೆ ಸುಮಾರು 60 ಡಿಗ್ರಿಯ ಬಿಸಿ ದೊರೆಯುತ್ತದೆ. ಗಂಜಿಗಳು ಸುತ್ತಲಿನ ನೀರಿನ ಹದಕ್ಕೆ ಬಂದಮೇಲೆ, ಮೊದಲೆರಡಕ್ಕೆ ಹಸಿಯ ತಿಳಿಯನ್ನೂ ಮೂರನೆಯದಕ್ಕೆ ಕುದಿಸಿದ ತಿಳಿಯನ್ನೂ ಸಮಪ್ರಮಾಣದಲ್ಲಿ ಬೆರೆಸಬೇಕು.

ಐದೈದು ನಿಮಿಷಕ್ಕೊಮ್ಮೆ ಒಂದೊಂದು ಹನಿಯನ್ನು ಬಿಳಿಯ ತಟ್ಟೆಯ ಮೇಲಿಟ್ಟು, ತಣಿದ ಬಳಿಕವೇ, ನೀರು ಬೆರೆಸಿ ತೆಳುಮಾಡಿದ ಅಯೋಡಿನ್ ತೊಟ್ಟಿಕ್ಕಬೇಕು. ಈ ತಣಿಸುವಿಕೆಯನ್ನು ಮರೆತವರು ಮೋಸಹೋಗುತ್ತಾರೆ, ಏಕೆಂದರೆ ಬಿಸಿಯಿರುವ ಪಿಷ್ಟದಲ್ಲಿ ಅಯೋಡಿನ್ನಿನ ನೀಲವರ್ಣ ಸರಿಯಾಗಿ ಮೂಡುವುದಿಲ್ಲ. ಎರಡನೆಯ ಲೋಟದ ಹನಿಗಳು ಕಡುನೀಲಿಯಿಂದ ನೇರಳೆಗೂ ಕೆಂಗಂದಿಗೂ ತಿರುಗಿ, ಕೊನೆಗೆ ಅಯೋಡಿನ್ನಿನ ಸ್ವಂತ ಹಳದಿಯಷ್ಟೇ ಉಳಿಯುತ್ತದೆ; ಮೊದಲನೆಯದೂ ಮೂರನೆಯದೂ ನೀಲಿಯಾಗಿಯೇ ಇರುತ್ತವೆ. ಆಗ ಆ ಎರಡನ್ನೂ ಹೊಸ ಬಿಸಿನೀರಿನಲ್ಲಿಟ್ಟು ನೋಡಬೇಕು. ತಣ್ಣಗಿದ್ದುದು ಎಚ್ಚೆತ್ತು ಬಣ್ಣ ಬಿಡುತ್ತದೆ, ಕುದಿಸಿದ್ದು ಬಿಡದು. ಶೈತ್ಯವು ಕಿಣ್ವವನ್ನು ಮಲಗಿಸಿತ್ತು, ಕುದಿತವು ಕೊಂದಿತ್ತು. ಈ ಭೇದವನ್ನು ಪುಸ್ತಕದ ಪುಟವೊಂದಕ್ಕಿಂತ ಆ ಎರಡು ಹನಿಗಳು ಚೆನ್ನಾಗಿ ತಿಳಿಸುತ್ತವೆಯೆಂದು ನನ್ನ ನಂಬಿಕೆ. ಪರೀಕ್ಷೆಗೆ ಬಳಸಿದ ಗಂಜಿಯನ್ನು ಯಾರೂ ಕುಡಿಯಕೂಡದು.

ಮಗುವಿನ ಗಂಜಿಯನ್ನು ಬೇರೆಯಾಗಿಯೇ ಕಾಸಿ, ಒಲೆಯಿಂದ ಇಳಿಸಿ, ಕುದಿತದ ಉಗ್ರತೆ ಅಡಗಿದ ಮೇಲೆ ಮೊಳಕೆಹಿಟ್ಟನ್ನು ಕದಡಿ, ಹತ್ತು ಹದಿನೈದು ನಿಮಿಷ ಮುಚ್ಚಿಡಬೇಕು. ಗಂಜಿ ತೆಳುವಾದೊಡನೆ ಮತ್ತೊಮ್ಮೆ ಚೆನ್ನಾಗಿ ಕುದಿಸಬೇಕು. ಕಿಣ್ವದ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ, ಹಸಿಹಿಟ್ಟಿನೊಡನೆ ಬಂದಿರಬಹುದಾದ ರೋಗಾಣುಗಳು ಆ ಕುದಿತಕ್ಕೆ ನಾಶವಾಗುತ್ತವೆ.