ಕಾಣದ ಸೋರಿಕೆ

ಬೆಂಗಳೂರಿನ ಪೂರ್ವ ದಿಕ್ಕಿಗೆ ಹಳೆಯ ಮದರಾಸು ರಸ್ತೆಯಲ್ಲಿ ಸಾಗಿದರೆ ಟಿನ್ ಫ್ಯಾಕ್ಟರಿ ಎಂಬ ಸ್ಥಳ ಸಿಗುತ್ತದೆ. ಕಾರ್ಖಾನೆಯೊಂದರಿಂದ ಬಂದ ಈ ಹೆಸರು ಇಂದು ಜನನಿಬಿಡವಾದ ಕೂಡುರಸ್ತೆಯೊಂದರ ಹೆಸರಾಗಿ ಉಳಿದಿದೆ. ಹೊರವರ್ತುಲ ರಸ್ತೆ ಇಲ್ಲಿಯೇ ಬಂದು ಸೇರುತ್ತದೆ. ತುಸು ಮುಂದೆ ಕೃಷ್ಣರಾಜಪುರದ ರೈಲು ಹಳಿಗಳ ಮೇಲೆ 2003ರಲ್ಲಿ ತೆರೆದ ತೂಗುಸೇತುವೆ ಇದೆ. ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರದವರೆಗಿನ ಮೆಟ್ರೋ ರೈಲು ಮಾರ್ಗ 2023ರ ಅಕ್ಟೋಬರ್ 9ರಂದು ಸಂಚಾರಕ್ಕೆ ತೆರೆಯಿತು. ರಸ್ತೆ, ಸೇತುವೆ, ರೈಲು ಮಾರ್ಗ, ಹೀಗೆ ಒಂದಲ್ಲ ಒಂದು ನಿರ್ಮಾಣ ಕಾರ್ಯವನ್ನು ಈ ಪ್ರದೇಶವು ವರ್ಷಗಳಿಂದ ಕಾಣುತ್ತ ಬಂದಿದೆ.

ನಿರ್ಮಾಣ ನಡೆಯುವ ಸ್ಥಳದಲ್ಲಿ ಎರಡು ಬಗೆಯ ಯಂತ್ರಗಳನ್ನು ನಾವು ನೋಡುತ್ತೇವೆ. ಮಣ್ಣು ಅಗೆಯುವ, ನೆಲ ಸಮ ಮಾಡುವ ಭಾರಿ ಯಂತ್ರಗಳು ಮೊದಲನೆಯವು. ಇಂತಹ ಯಂತ್ರಗಳನ್ನು ತಯಾರಿಸುವ ಸರ್ಕಾರಿ ಸಂಸ್ಥೆಯಾದ ಬಿ.ಇ.ಎಂ.ಎಲ್. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಇವು ಡೀಸೆಲ್‌ನಿಂದ ನಡೆಯುತ್ತವೆ. ಎರಡನೆಯವು ಚಿಕ್ಕ ಯಂತ್ರಗಳು: ಕಾಂಕ್ರೀಟನ್ನು ಅದುರಿಸಿ ಗಟ್ಟಿಗೊಳಿಸುವ ವೈಬ್ರೇಟರ್, ನೀರೆತ್ತುವ ಪಂಪು, ಕೈಯಲ್ಲಿ ಹೊತ್ತೊಯ್ಯಬಹುದಾದ ಜನರೇಟರ್. ಇವುಗಳಲ್ಲಿ ಅನೇಕವು ಪೆಟ್ರೋಲ್‌ನಿಂದ ನಡೆಯುತ್ತವೆ. ಹೊಲದಲ್ಲಿ ಔಷಧ ಸಿಂಪಡಿಸುವ ಮತ್ತು ಕಳೆ ಕತ್ತರಿಸುವ ಯಂತ್ರಗಳೂ ಇದೇ ಗುಂಪಿಗೆ ಸೇರುತ್ತವೆ.

ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲ ಯಂತ್ರಗಳೂ ನಿಂತಿವೆ ಎಂದು ಭಾವಿಸೋಣ. ಎಲ್ಲಿಯೂ ಹೊಗೆಯಿಲ್ಲ, ಸದ್ದಿಲ್ಲ. ಈಗ ಗಾಳಿಯನ್ನು ಕೆಡಿಸುತ್ತಿರುವ ಯಂತ್ರ ಯಾವುದು? ಯಾವುದೂ ಇಲ್ಲವೆಂದು ಯಾರಾದರೂ ಉತ್ತರ ಕೊಟ್ಟಾರು. ಆದರೆ ಆ ಚಿಕ್ಕ ವೈಬ್ರೇಟರ್ ಬಿಸಿಲಿನಲ್ಲಿ ನಿಂತಲ್ಲಿಯೇ ಗಾಳಿಯನ್ನು ಕೆಡಿಸುತ್ತಿರುತ್ತದೆ. ಡೀಸೆಲ್ ಸುಲಭವಾಗಿ ಆವಿಯಾಗುವುದಿಲ್ಲ. ಪೆಟ್ರೋಲ್ ಸಾಮಾನ್ಯ ಉಷ್ಣತೆಯಲ್ಲಿಯೇ ಬೇಗನೆ ಆವಿಯಾಗುತ್ತದೆ. ಹೊಗೆಯನ್ನು ಕಣ್ಣು ಕಂಡೀತು, ಆವಿಯನ್ನು ಕಾಣಲಾರದು.

ಈ ಆವಿ ಹೊರಬೀಳುವುದು ಹಲವು ದಾರಿಗಳಿಂದ. ಇಂಧನದ ಟಾಂಕಿ ಒಂದು ಬಗೆಯಲ್ಲಿ ಉಸಿರಾಡುತ್ತದೆ. ಹಗಲಿನ ಬಿಸಿಲಿಗೆ ಒಳಗಿನ ಆವಿ ಹಿಗ್ಗಿ, ಮುಚ್ಚಳದಲ್ಲಿರುವ ಸಣ್ಣ ರಂಧ್ರದಿಂದ ಹೊರಹೋಗುತ್ತದೆ. ರಾತ್ರಿ ತಂಪಾದಾಗ ಹೊರಗಿನ ಗಾಳಿ ಒಳಬರುತ್ತದೆ. ಎಂಜಿನ್ನನ್ನು ನಿಲ್ಲಿಸಿದ ಮೇಲೆ ಅದರ ಕಾವಿಗೆ ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗುತ್ತದೆ. ಕ್ಯಾನಿನಿಂದ ಟಾಂಕಿಗೆ ಪೆಟ್ರೋಲ್ ಸುರಿಯುವಾಗ ಟಾಂಕಿಯಲ್ಲಿದ್ದ ಆವಿ ಸುರಿಯುವವನ ಮುಖಕ್ಕೇ ಬಡಿಯುತ್ತದೆ. ಇವೆಲ್ಲಕ್ಕಿಂತ ವಿಸ್ಮಯಕರವಾದ ದಾರಿ ಇನ್ನೊಂದುಂಟು. ಎಲ್ಲಿಯೂ ತೂತಿಲ್ಲದ ಪ್ಲಾಸ್ಟಿಕ್ ಟಾಂಕಿಯ ಗೋಡೆಯ ಮೂಲಕ, ರಬ್ಬರ್ ಕೊಳವೆಯ ಮೂಲಕ, ಪೆಟ್ರೋಲಿನ ಅಣುಗಳು ನುಸುಳಿ ಹೊರಬರುತ್ತವೆ. ಲೋಹದ ಗೋಡೆಯನ್ನು ಅವು ಹೀಗೆ ದಾಟಲಾರವು.

ಹೊರಬಿದ್ದ ಆವಿಯಿಂದ ಆಗುವ ಕೇಡೇನು? ಪೆಟ್ರೋಲಿನ ಆವಿಯಲ್ಲಿ ಬೆಂಜೀನ್ ಎಂಬ ವಸ್ತುವಿದೆ. ಅದು ರಕ್ತದ ಕ್ಯಾನ್ಸರನ್ನು ತರಬಲ್ಲದು. ದಿನವೂ ಇಂಧನ ತುಂಬುವ ಕಾರ್ಮಿಕನು ಇದನ್ನೇ ಉಸಿರಾಡುತ್ತಾನೆ. ಇದಲ್ಲದೆ, ಇಂತಹ ಆವಿಯೂ ವಾಹನಗಳ ಹೊಗೆಯಲ್ಲಿನ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿದಾಗ ನೆಲಮಟ್ಟದಲ್ಲಿ ಓಜೋನ್ ಹುಟ್ಟುತ್ತದೆ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಜೋನ್ ನೆಲದ ಮಟ್ಟದಲ್ಲಿ ಶ್ವಾಸಕೋಶಗಳಿಗೆ ಹಾನಿಕರ. ಈ ರಾಸಾಯನಿಕ ಕ್ರಿಯೆಯನ್ನು 1950ರ ದಶಕದ ಆರಂಭದಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ಮಬ್ಬನ್ನು ಅಭ್ಯಸಿಸಿದ ಹಾಗೆನ್ ಸ್ಮಿಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟನು.

ಕಣ್ಣಿಗೆ ಕಾಣದುದನ್ನು ಅಳೆಯುವುದು ಹೇಗೆ? ಅತ್ಯಂತ ಸರಳವಾದ ಸಾಧನ ತಕ್ಕಡಿ. ಟಾಂಕಿಯಲ್ಲಿ ಪೆಟ್ರೋಲ್ ತುಂಬಿ, ಗೋಡೆಗಳು ಅದನ್ನು ಹೀರಿಕೊಳ್ಳುವಂತೆ ಹಲವು ವಾರ ಇಡುತ್ತಾರೆ. ಅನಂತರ ಹೊಸ ಇಂಧನ ತುಂಬಿ, ಬಾಯಿಯನ್ನು ಭದ್ರವಾಗಿ ಮುಚ್ಚಿ, ಒಂದೇ ಉಷ್ಣತೆಯಲ್ಲಿಟ್ಟು ದಿನವೂ ತೂಗುತ್ತಾರೆ. ತೂಕದಲ್ಲಿ ಕಡಿಮೆಯಾದಷ್ಟೂ ಗೋಡೆಯ ಮೂಲಕ ನುಸುಳಿ ಹೋದ ಪೆಟ್ರೋಲ್. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹವೆಯ ಒತ್ತಡ ಬದಲಾದಂತೆ ಗಾಳಿಯ ತೇಲಿಸುವ ಬಲವೂ ಬದಲಾಗಿ ತೂಕ ತುಸು ಏರುಪೇರಾಗುತ್ತದೆ. ಆದುದರಿಂದ ಪೆಟ್ರೋಲ್ ಇಲ್ಲದ ಅಂತಹುದೇ ಇನ್ನೊಂದು ಟಾಂಕಿಯನ್ನೂ ಜೊತೆಯಲ್ಲಿ ತೂಗಿ ಲೆಕ್ಕವನ್ನು ಸರಿಪಡಿಸುತ್ತಾರೆ.

ಒಂದು ಉದಾಹರಣೆಯನ್ನು ನೋಡೋಣ. 4,126 ಗ್ರಾಂ ತೂಗಿದ ಟಾಂಕಿ 7 ದಿನಗಳ ಮೇಲೆ 4,112 ಗ್ರಾಂ ತೂಗಿತೆಂದು ಭಾವಿಸಿರಿ. ನಷ್ಟ 14 ಗ್ರಾಂ. ದಿನಕ್ಕೆ 2 ಗ್ರಾಂ. ಟಾಂಕಿಯ ಒಳಮೈ 0.2 ಚದರ ಮೀಟರ್ ಇದ್ದರೆ, ಒಂದು ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ನಷ್ಟವಾದಂತಾಯಿತು. ಅಮೆರಿಕದಲ್ಲಿ ಚಿಕ್ಕ ಎಂಜಿನ್ನುಗಳಿಗಾಗಿ 2008ರಲ್ಲಿ ರೂಪಿಸಿದ ನಿಯಮವು 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇದಕ್ಕೆ 1.5 ಗ್ರಾಂ ಎಂಬ ಮಿತಿಯನ್ನು ಹಾಕಿದೆ. ದಿನಕ್ಕೆ 2 ಗ್ರಾಂ ಅಲ್ಪವೆನಿಸಬಹುದು. ಅಂತಹ 500 ಯಂತ್ರಗಳಿದ್ದರೆ ದಿನಕ್ಕೆ ಒಂದು ಕಿಲೋಗ್ರಾಂ ಪೆಟ್ರೋಲ್, ಯಾವ ಕೆಲಸವನ್ನೂ ಮಾಡದೆ, ಗಾಳಿಯ ಪಾಲಾಗುತ್ತದೆ.

ಇಡೀ ಯಂತ್ರದ ಆವಿಯನ್ನು ಅಳೆಯಲು ಇನ್ನೊಂದು ವಿಧಾನವಿದೆ. ಗಾಳಿ ನುಸುಳದ ಕೋಣೆಯೊಳಗೆ ಯಂತ್ರವನ್ನಿಟ್ಟು ಬಾಗಿಲು ಮುಚ್ಚುತ್ತಾರೆ. ಒಂದು ಹಗಲು ಒಂದು ರಾತ್ರಿಯನ್ನು ಅನುಕರಿಸಿ ಉಷ್ಣತೆಯನ್ನು ಏರಿಸಿ ಇಳಿಸುತ್ತಾರೆ. ಕ್ಯಾಲಿಫೋರ್ನಿಯಾದ ಪರೀಕ್ಷೆಯಲ್ಲಿ ಇದು ಸುಮಾರು 18 ಡಿಗ್ರಿಯಿಂದ 41 ಡಿಗ್ರಿಗೆ ಏರಿ ಮತ್ತೆ ಇಳಿಯುತ್ತದೆ. ಕೋಣೆಯ ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಜಲಜನಕದ ಜ್ವಾಲೆಗೆ ಹಾಯಿಸಿದಾಗ, ಅದರಲ್ಲಿನ ಇಂಧನದ ಆವಿ ಉರಿದು ವಿದ್ಯುದಾವೇಶವುಳ್ಳ ಕಣಗಳುಂಟಾಗುತ್ತವೆ. ಅವುಗಳಿಂದ ಹರಿಯುವ ವಿದ್ಯುತ್ತನ್ನು ಅಳೆದು ಆವಿಯ ಪ್ರಮಾಣವನ್ನು ಕಂಡುಹಿಡಿಯುತ್ತಾರೆ. ನಮ್ಮ ದೇಶದಲ್ಲಿಯೂ ಪೆಟ್ರೋಲ್ ಕಾರುಗಳನ್ನು ಇಂತಹ ಕೋಣೆಯಲ್ಲಿ ಪರೀಕ್ಷಿಸುತ್ತಾರೆ. ಒಂದು ಪರೀಕ್ಷೆಯಲ್ಲಿ 2 ಗ್ರಾಂ ಮೀರಬಾರದೆಂಬುದು ನಿಯಮ.

ಅಳತೆಯಿಂದ ರೋಗದ ಮೂಲ ತಿಳಿದರೆ ಮದ್ದೂ ದೊರೆಯುತ್ತದೆ. ಟಾಂಕಿಯ ಗೋಡೆಗೆ ಆವಿಯನ್ನು ತಡೆಯುವ ಪದರವನ್ನು ಸೇರಿಸಬಹುದು. ಆವಿಯನ್ನು ಸಕ್ರಿಯ ಇದ್ದಲಿನ ಡಬ್ಬಿಯಲ್ಲಿ ಹಿಡಿದಿಟ್ಟು, ಎಂಜಿನ್ ನಡೆಯುವಾಗ ಅದನ್ನೇ ಉರಿಸಬಹುದು. ಪೆಟ್ರೋಲಿಗೆ ಎಥೆನಾಲ್ ಬೆರೆಸಿದಾಗ ಸಾಧಾರಣ ರಬ್ಬರಿನ ಮೂಲಕ ನುಸುಳುವಿಕೆ ಹೆಚ್ಚುವುದರಿಂದ ಒಳ್ಳೆಯ ಕೊಳವೆಯ ಅಗತ್ಯ ಈಗ ಮತ್ತಷ್ಟಿದೆ. ಇವು ತಯಾರಕರ ಕೆಲಸ. ಯಂತ್ರವನ್ನು ನೆರಳಿನಲ್ಲಿ ನಿಲ್ಲಿಸುವುದು, ಮುಚ್ಚಳವನ್ನು ಬಿಗಿಯಾಗಿ ಹಾಕುವುದು, ಎಂಜಿನ್ ಆರಿದ ಮೇಲೆಯೇ ಬೆಂಕಿಯಿಂದ ದೂರದಲ್ಲಿ ಇಂಧನ ತುಂಬುವುದು, ಪೆಟ್ರೋಲನ್ನು ಭದ್ರವಾದ ಲೋಹದ ಕ್ಯಾನಿನಲ್ಲಿಡುವುದು, ಇವು ಬಳಸುವವರ ಕೆಲಸ.

ಟಿನ್ ಫ್ಯಾಕ್ಟರಿಯ ಬಳಿ ಸಾಗುವ ಪ್ರಯಾಣಿಕನು ಹೊಗೆಯನ್ನು ಕಂಡು ಮೂಗು ಮುಚ್ಚಿಕೊಳ್ಳುತ್ತಾನೆ. ಸದ್ದಿಲ್ಲದೆ ನಿಂತ ಚಿಕ್ಕ ಯಂತ್ರವನ್ನು ಅವನು ಗಮನಿಸುವುದಿಲ್ಲ. ಅದರ ಪಕ್ಕದಲ್ಲಿ ಕುಳಿತು ಬುತ್ತಿ ಬಿಚ್ಚುವ ಕಾರ್ಮಿಕನಿಗೆ ಮಾತ್ರ ಅದರಿಂದ ದೂರ ಹೋಗುವ ಅನುಕೂಲವಿಲ್ಲ. ಅವನ ಉಸಿರಿಗೆ ಸೇರುವುದೆಷ್ಟು ಎಂಬುದನ್ನು ಲೆಕ್ಕ ಹಾಕಿ ತಿಳಿಸಬೇಕಾದುದು ವಿಜ್ಞಾನದ ಕರ್ತವ್ಯ. ತಿಳಿದ ಮೇಲೆ ತಡೆಯುವುದು ನಮ್ಮೆಲ್ಲರ ಕರ್ತವ್ಯ.

ಅಭ್ಯಾಸ

1. ಇಂಧನದ ಟಾಂಕಿ ‘ಉಸಿರಾಡುತ್ತದೆ’ ಎಂಬ ಮಾತಿನ ಅರ್ಥವನ್ನು ವಿವರಿಸಿರಿ.
2. ಪೆಟ್ರೋಲ್ ಇಲ್ಲದ ಟಾಂಕಿಯನ್ನೂ ಜೊತೆಯಲ್ಲಿ ತೂಗುವುದೇಕೆ?
3. ಎರಡು ಒಂದೇ ಬಗೆಯ ತಟ್ಟೆಗಳಲ್ಲಿ ಸಮನಾಗಿ ನೀರು ಹಾಕಿ, ಒಂದನ್ನು ಬಿಸಿಲಿನಲ್ಲಿಯೂ ಇನ್ನೊಂದನ್ನು ನೆರಳಿನಲ್ಲಿಯೂ ಇಟ್ಟು, ಗಂಟೆಗೊಮ್ಮೆ ತೂಗಿ ನಷ್ಟವನ್ನು ಬರೆದಿಡಿರಿ. (ಪೆಟ್ರೋಲಿನಿಂದ ಈ ಪ್ರಯೋಗವನ್ನು ಎಂದಿಗೂ ಮಾಡಬಾರದು.)